ಸಾಮಾಜಿಕ ಜಾಲತಾಣಗಳೂ ಯುಕ್ತವಿಹಾರವೂ

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಕಾಲವೂ ಸತ್ಯ. ಈ ಮಾತನ್ನು ಸಜ್ಜನರು ಪ್ರವಚನಗಳಲ್ಲಿ ಅನೇಕ ಬಾರಿ ಕೇಳಿರುತ್ತಾರೆ. ಆದರೆ ಅಂಗೈಯಗಲದ ಮೊಬೈಲನ್ನು ಕೈಗೆತ್ತಿಕೊಂಡೊಡನೆ ಈ ಸಿದ್ಧಾಂತವು ನಮಗೆ ಮರೆತುಹೋಗುತ್ತದೆ. ಅಲ್ಲಿ ಆಡಿದ್ದು ಬರಿಯ ಮಾತು, ಅಲ್ಲಿ ಕಂಡದ್ದು ಬರಿಯ ಚಿತ್ರ, ಅಲ್ಲಿ ಕಳೆದದ್ದು ಎರಡೇ ನಿಮಿಷ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ತತ್ತ್ವವಾದಿಯಾದವನಿಗೆ ಈ ಸಮಾಧಾನವು ಸಲ್ಲದು. ಅಲ್ಲಿ ಆಡಿದ ಕಟುನುಡಿಯಿಂದ ಇನ್ನೊಬ್ಬನಿಗಾದ ನೋವು ಸತ್ಯ. ಅಲ್ಲಿ ಹರಡಿದ ಸುಳ್ಳಿನಿಂದಾದ ಅನರ್ಥ ಸತ್ಯ. ಅಲ್ಲಿ ಕಳೆದ ಆಯುಸ್ಸು ಸತ್ಯ. ಅಂತೆಯೇ ಅಲ್ಲಿ ಕೇಳಿದ ಸದ್ವಿಚಾರದ ಫಲವೂ ಸತ್ಯವೇ ಆಗಿದೆ. ಆದುದರಿಂದ ಈ ಸಾಧನವನ್ನು ಹೇಗೆ ಬಳಸಬೇಕು, ಎಷ್ಟು ಬಳಸಬೇಕು, ಯಾವುದಕ್ಕಾಗಿ ಬಳಸಬೇಕು ಎಂಬ ವಿಚಾರವು ಆಚಾರದ ವಿಚಾರವೇ ಹೊರತು ಕೇವಲ ಲೌಕಿಕವಾದ ಮಾತಲ್ಲ.

ಇದನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಹೇಳುವುದು ಸುಲಭ. ಗೃಹಸ್ಥರಿಗೆ ಅದು ಶಕ್ಯವೂ ಅಲ್ಲ, ಅಗತ್ಯವೂ ಅಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಆಹಾರ, ವಿಹಾರ, ನಿದ್ರೆ, ಜಾಗರಣೆಗಳಲ್ಲಿ ಅತಿಯನ್ನೂ ಅಭಾವವನ್ನೂ ಬಿಟ್ಟು ಹದವನ್ನು ಉಪದೇಶಿಸಿದ್ದಾನೆ. ಆ ಯುಕ್ತವಿಹಾರವೇ ಈ ಲೇಖನದ ವಿಷಯ.

ಜಾಲದ ಸ್ವರೂಪ

ಶತ್ರುವಾಗಲಿ ಮಿತ್ರನಾಗಲಿ, ಮೊದಲು ಅವನ ಸ್ವರೂಪವನ್ನು ತಿಳಿಯಬೇಕು. ಫೇಸ್‌ಬುಕ್ ಹುಟ್ಟಿದ್ದು ೨೦೦೪ರಲ್ಲಿ, ಯೂಟ್ಯೂಬ್ ೨೦೦೫ರಲ್ಲಿ, ವಾಟ್ಸ್‌ಆ್ಯಪ್ ೨೦೦೯ರಲ್ಲಿ, ಇನ್‌ಸ್ಟಾಗ್ರಾಮ್ ೨೦೧೦ರಲ್ಲಿ. ಇವುಗಳನ್ನು ಬಳಸಲು ನಾವು ಸಾಮಾನ್ಯವಾಗಿ ಹಣವನ್ನು ಕೊಡುವುದಿಲ್ಲ. ಹಾಗಾದರೆ ಇಷ್ಟು ದೊಡ್ಡ ವ್ಯವಸ್ಥೆಯು ನಡೆಯುವುದು ಹೇಗೆ? ಮುಖ್ಯವಾಗಿ ಜಾಹೀರಾತಿನಿಂದ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತುಗಳನ್ನು ನಮಗೆ ತೋರಿಸಬಹುದು. ಆದ್ದರಿಂದ ನಮ್ಮ ಕಣ್ಣು ಅಲ್ಲಿಯೇ ನೆಟ್ಟಿರುವಂತೆ ಮಾಡುವುದೇ ಅದನ್ನು ನಿರ್ಮಿಸಿದವರ ಗುರಿಯಾಗಿದೆ.

ಅದಕ್ಕೆ ಅವರು ಕಂಡುಕೊಂಡ ಉಪಾಯಗಳಲ್ಲಿ ಒಂದನ್ನು ಇಲ್ಲಿ ಹೇಳಬಹುದು. ಪುಸ್ತಕಕ್ಕೆ ಪುಟದ ಕೊನೆಯಿದೆ, ಅಧ್ಯಾಯದ ಕೊನೆಯಿದೆ. ಅಲ್ಲಿ ಓದುಗನು ಒಂದು ಕ್ಷಣ ನಿಲ್ಲುತ್ತಾನೆ; ಮುಂದೆ ಓದಲೇ, ಏಳಲೇ ಎಂದು ಯೋಚಿಸುತ್ತಾನೆ. ಬೆರಳಿನಿಂದ ಸರಿಸಿದಷ್ಟೂ ಕೊನೆಯಿಲ್ಲದೆ ಬರುವ ಪುಟವನ್ನು ೨೦೦೬ರಲ್ಲಿ ರೂಪಿಸಿದವರು ಆಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು. ಅದರ ಪರಿಣಾಮವನ್ನು ಕಂಡು ಅವರೇ ಮುಂದೆ ಬಹಿರಂಗವಾಗಿ ವಿಷಾದವನ್ನು ವ್ಯಕ್ತಪಡಿಸಿದರು. ನಿಲ್ಲುವ ಸ್ಥಳವನ್ನೇ ತೆಗೆದುಹಾಕಿದರೆ, ಅಲ್ಲಿ ವಿವೇಕವು ತಲೆಯೆತ್ತುವುದಕ್ಕೆ ಅವಕಾಶವೆಲ್ಲಿ? ಒಂದು ದೃಶ್ಯ ಮುಗಿಯುವ ಮುನ್ನವೇ ಇನ್ನೊಂದು ತಾನಾಗಿ ಆರಂಭವಾಗುವುದೂ, ಕ್ಷಣಕ್ಷಣಕ್ಕೆ ಮೊಬೈಲು ದನಿಮಾಡಿ ಕರೆಯುವುದೂ ಇದೇ ವರ್ಗಕ್ಕೆ ಸೇರಿದವು.

ನಿರ್ಮಿಸಿದವರು ಹೊಸಬರಾದರೂ ಮನಸ್ಸಿನ ದೌರ್ಬಲ್ಯವು ಹೊಸದಲ್ಲ. ವಿಷಯವನ್ನು ಮತ್ತೆ ಮತ್ತೆ ನೆನೆಯುವುದರಿಂದ ಆಸಕ್ತಿ, ಆಸಕ್ತಿಯಿಂದ ಕಾಮ, ಅದಕ್ಕೆ ಅಡ್ಡಿಯಾದಾಗ ಕ್ರೋಧ, ಅಲ್ಲಿಂದ ಮೋಹ, ಸ್ಮೃತಿನಾಶ, ಬುದ್ಧಿನಾಶ ಎಂಬ ಪತನದ ಕ್ರಮವನ್ನು ಗೀತೆಯ ಎರಡನೆಯ ಅಧ್ಯಾಯವು ತಿಳಿಸುತ್ತದೆ. ಊಟದ ಹೊತ್ತಿನಲ್ಲಿ ಮಗುವಿನ ಕೈಯಿಂದ ಮೊಬೈಲನ್ನು ಕಿತ್ತುಕೊಂಡು ನೋಡಿರಿ; ಈ ಕ್ರಮದ ಮೊದಲ ಮೂರು ಮೆಟ್ಟಿಲುಗಳು ಅಲ್ಲಿಯೇ ಕಾಣುತ್ತವೆ. ದೊಡ್ಡವರ ಕೈಯಿಂದ ಯಾರೂ ಕಿತ್ತುಕೊಳ್ಳುವುದಿಲ್ಲವಾದ್ದರಿಂದ ನಮ್ಮಲ್ಲಿ ಅದು ಕಾಣುವುದಿಲ್ಲ, ಅಷ್ಟೇ.

ಘಳಿಗೆಯ ಲೆಕ್ಕ

ನಮ್ಮ ಹಿರಿಯರು ದಿನವನ್ನು ೬೦ ಘಳಿಗೆಗಳಾಗಿ ಎಣಿಸಿದರು. ಒಂದು ಘಳಿಗೆಗೆ ೨೪ ನಿಮಿಷ. ಎರಡು ಘಳಿಗೆ ಸೇರಿದರೆ ಒಂದು ಮುಹೂರ್ತ. ಈ ಮಾನದಿಂದ ಒಂದು ಲೆಕ್ಕವನ್ನು ಮಾಡೋಣ. ಒಬ್ಬ ಗೃಹಸ್ಥನು ಬೆಳಿಗ್ಗೆ ಎದ್ದೊಡನೆ ಒಂದು ಘಳಿಗೆ, ಕಚೇರಿಗೆ ಹೋಗುವ ಬಸ್ಸಿನಲ್ಲಿ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು, ರಾತ್ರಿ ಮಲಗಿದ ಮೇಲೆ ಎರಡು ಘಳಿಗೆಗಳನ್ನು ಜಾಲತಾಣಗಳಲ್ಲಿ ಕಳೆಯುತ್ತಾನೆಂದು ಇಟ್ಟುಕೊಳ್ಳೋಣ. ಬಿಡಿಬಿಡಿಯಾಗಿ ನೋಡಿದರೆ ಅವನಿಗೆ ಅದು ಹೆಚ್ಚೆಂದು ತೋರುವುದಿಲ್ಲ. ಒಟ್ಟು ೬ ಘಳಿಗೆ. ಎಂದರೆ ದಿನದ ಹತ್ತನೆಯ ಒಂದು ಭಾಗ. ವರ್ಷಕ್ಕೆ ೮೭೬ ಗಂಟೆ. ದಿನಕ್ಕೆ ೧೬ ಗಂಟೆ ಎಚ್ಚರವಾಗಿರುತ್ತಾನೆಂದರೆ, ಎಚ್ಚರದ ಸುಮಾರು ೫೫ ದಿನಗಳು ಪ್ರತಿ ವರ್ಷವೂ ಹೀಗೆ ಸಂದುಹೋದವು. ಚಾತುರ್ಮಾಸ್ಯದ ಹೆಚ್ಚುಕಡಿಮೆ ಅರ್ಧಭಾಗವೇ ಇದಾಯಿತು!

ಸಂಧ್ಯಾವಂದನೆಗೆ ಸಮಯವಿಲ್ಲ, ಹತ್ತು ಶ್ಲೋಕಗಳ ಪಾಠಕ್ಕೆ ಸಮಯವಿಲ್ಲ, ವೃದ್ಧರಾದ ತಂದೆತಾಯಿಗಳ ಬಳಿ ಕುಳಿತು ಮಾತನಾಡಲು ಸಮಯವಿಲ್ಲ ಎನ್ನುವವರು ಈ ಲೆಕ್ಕವನ್ನು ತಮಗೆ ತಾವೇ ಒಮ್ಮೆ ಹಾಕಿಕೊಳ್ಳಬೇಕು. ಊಹೆಯಿಂದ ಹಾಕುವುದೂ ಬೇಡ. ಆಂಡ್ರಾಯ್ಡ್ ಮೊಬೈಲಿನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬಲ್ಲಿಯೂ, ಐಫೋನಿನಲ್ಲಿ ಸ್ಕ್ರೀನ್ ಟೈಮ್ ಎಂಬಲ್ಲಿಯೂ ಯಾವ ತಾಣದಲ್ಲಿ ದಿನಕ್ಕೆ ಎಷ್ಟು ನಿಮಿಷ ಕಳೆಯಿತೆಂಬುದು ದಾಖಲಾಗಿರುತ್ತದೆ. ಚಿತ್ರಗುಪ್ತನ ಕಡತವನ್ನು ನಾವು ಕಾಣಲಾರೆವು, ಇದನ್ನಾದರೂ ಕಾಣಬಹುದು.

ಭಾಗವತದ ಎರಡನೆಯ ಸ್ಕಂಧದ ಆರಂಭದಲ್ಲಿ ಶುಕಾಚಾರ್ಯರು ಪರೀಕ್ಷಿತನಿಗೆ ಖಟ್ವಾಂಗ ರಾಜರ್ಷಿಯ ವೃತ್ತಾಂತವನ್ನು ನೆನಪಿಸುತ್ತಾರೆ. ತನ್ನ ಆಯುಸ್ಸಿನಲ್ಲಿ ಒಂದು ಮುಹೂರ್ತ ಮಾತ್ರ ಉಳಿದಿದೆಯೆಂದು ತಿಳಿದೊಡನೆ ಅವನು ಸರ್ವವನ್ನೂ ಬಿಟ್ಟು ಶ್ರೀಹರಿಯನ್ನು ಶರಣುಹೊಂದಿದನು. ಒಂದು ಮುಹೂರ್ತವೆಂದರೆ ೪೮ ನಿಮಿಷ. ಅಷ್ಟು ಕಾಲವು ಒಬ್ಬನನ್ನು ಉದ್ಧರಿಸಲು ಸಾಕಾಯಿತು. ಅಷ್ಟೇ ಕಾಲವನ್ನು ನಾವು ಯಾರದೋ ಅಡುಗೆಯನ್ನೂ, ಯಾರದೋ ಪ್ರವಾಸವನ್ನೂ, ಯಾರದೋ ಜಗಳವನ್ನೂ ನೋಡುವುದರಲ್ಲಿ ಕಳೆದು ಏಳುವಾಗ, ಏನನ್ನು ನೋಡಿದೆವೆಂಬ ನೆನಪೂ ಉಳಿದಿರುವುದಿಲ್ಲ.

ಉಪಯೋಗವೂ ಉಂಟು

ದೋಷವನ್ನು ಮಾತ್ರ ಹೇಳಿ ಗುಣವನ್ನು ಮರೆಮಾಡುವುದು ನ್ಯಾಯವಲ್ಲ. ೨೦೨೦ರಲ್ಲಿ ಕೊರೋನಾ ವ್ಯಾಧಿಯಿಂದಾಗಿ ದೇವಾಲಯಗಳ ಬಾಗಿಲುಗಳು ಭಕ್ತರಿಗೆ ಮುಚ್ಚಿದ್ದಾಗ, ಅನೇಕರಿಗೆ ಪೂಜೆಯ ದರ್ಶನವೂ ಪ್ರವಚನದ ಶ್ರವಣವೂ ದೊರೆತದ್ದು ಈ ಸಾಧನಗಳಿಂದಲೇ. ಇಂದಿಗೂ ಹಾಸಿಗೆ ಹಿಡಿದ ವೃದ್ಧರು ಉಡುಪಿಯ ಪೂಜೆಯನ್ನು ಮನೆಯಲ್ಲಿಯೇ ನೋಡಿ ಕೈಮುಗಿಯುತ್ತಾರೆ. ಮಕ್ಕಳು ಸಿಂಗಾಪುರದಲ್ಲಿಯೋ ಅಮೆರಿಕದಲ್ಲಿಯೋ ಇರುವ ತಾಯಂದಿರಿಗೆ ಸಂಜೆ ಬರುವ ಒಂದು ಕರೆಯೇ ದಿನದ ಹಬ್ಬ. ಹತ್ತಿರದಲ್ಲಿ ಪಾಠ ಹೇಳುವ ವಿದ್ವಾಂಸರಿಲ್ಲದ ಊರಿನ ತರುಣನು ಸರ್ವಮೂಲದ ಒಂದು ಗ್ರಂಥವನ್ನು ದೂರದಿಂದಲೇ ಕ್ರಮವಾಗಿ ಕೇಳಬಲ್ಲನು. ಇವೆಲ್ಲವೂ ಸದುಪಯೋಗವೇ.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಶ್ರವಣವಾದ ಮೇಲೆ ಮನನ, ಮನನವಾದ ಮೇಲೆ ನಿದಿಧ್ಯಾಸನ ಎಂಬುದು ಶಾಸ್ತ್ರದ ಕ್ರಮ. ಯೂಟ್ಯೂಬಿನಲ್ಲಿ ಒಂದು ಪ್ರವಚನದ ಮೊದಲ ಐದು ನಿಮಿಷ, ಇನ್ನೊಂದರ ನಡುವಿನ ಹತ್ತು ನಿಮಿಷ, ಮೂರನೆಯದನ್ನು ಆಮೇಲೆ ಕೇಳೋಣವೆಂದು ಎತ್ತಿಟ್ಟದ್ದು—ಇದು ಶ್ರವಣವೂ ಆಗಲಿಲ್ಲ. ನೂರು ಪ್ರವಚನಗಳನ್ನು ಎತ್ತಿಡುವುದಕ್ಕಿಂತ ಒಂದನ್ನು ಆದ್ಯಂತವಾಗಿ ಕೇಳಿ, ಅದರಲ್ಲಿ ತಿಳಿದದ್ದನ್ನು ಮೂರು ವಾಕ್ಯಗಳಲ್ಲಿ ಕೈಯಾರೆ ಬರೆದಿಡುವುದು ಮೇಲು. ೨೦೨೪ರಿಂದ ೨೦೨೬ರವರೆಗಿನ ಪುತ್ತಿಗೆ ಮಠದ ಪರ್ಯಾಯಾವಧಿಯಲ್ಲಿ ಪ್ರಸಿದ್ಧವಾದ ಕೋಟಿ ಗೀತಾ ಲೇಖನ ಯಜ್ಞದಲ್ಲಿ ಭಕ್ತರು ಗೀತೆಯನ್ನು ಕೈಯಿಂದಲೇ ಬರೆದರು. ಬರೆಯುವ ಕೈ ನಿಧಾನವಾಗಿ ಚಲಿಸುತ್ತದೆ. ಮನಸ್ಸು ಅದರ ಜೊತೆಯಲ್ಲಿ ನಡೆಯಬಲ್ಲದು. ಸರಿಸುವ ಬೆರಳಿನ ವೇಗಕ್ಕೆ ಮನಸ್ಸು ಓಡಬಲ್ಲದೇ ಹೊರತು ನಿಲ್ಲಲಾರದು.

ಬಂದ ಸಂದೇಶಕ್ಕೆ ಪ್ರಮಾಣಪರೀಕ್ಷೆ

ಪ್ರತ್ಯಕ್ಷ, ಅನುಮಾನ, ಆಗಮ ಎಂದು ಅನುಪ್ರಮಾಣಗಳು ಮೂರು. ಆಚಾರ್ಯರು ತಮ್ಮ ಪ್ರಮಾಣಲಕ್ಷಣದಲ್ಲಿಯೂ, ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿಯೂ ಇವುಗಳನ್ನು ನಿರೂಪಿಸಿದ್ದಾರೆ. ಮೂರರಲ್ಲಿಯೂ ನಿರ್ದೋಷತ್ವವು ಮುಖ್ಯವಾದ ಅಂಶ. ಇಂದ್ರಿಯದಲ್ಲಾಗಲಿ ಯುಕ್ತಿಯಲ್ಲಾಗಲಿ ಶಬ್ದದಲ್ಲಾಗಲಿ ದೋಷವಿದ್ದರೆ ಅದು ಪ್ರಮಾಣವೆನಿಸದು. ವಾಟ್ಸ್‌ಆ್ಯಪಿನಲ್ಲಿ ಬಂದ ಸಂದೇಶವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಕಳುಹಿಸಿದವನು ಅದನ್ನು ತಾನೇ ಕಂಡಿದ್ದಾನೆಯೇ? ಇಲ್ಲ, ಅವನಿಗೂ ಯಾರೋ ಕಳುಹಿಸಿದ್ದಾರೆ. ಯುಕ್ತಿಯಿಂದ ಸಿದ್ಧವಾಗುತ್ತದೆಯೇ? ವಿಚಾರಿಸಿಯೇ ಇಲ್ಲ. ಆಪ್ತವಾಕ್ಯವೇ? ವಿಷಯವನ್ನು ಬಲ್ಲವನೂ, ವಂಚಿಸುವ ಇಚ್ಛೆಯಿಲ್ಲದವನೂ, ಪ್ರಮಾದವಿಲ್ಲದವನೂ ಆಪ್ತನು. ಬರೆದವನ ಹೆಸರೇ ತಿಳಿಯದ ವಾಕ್ಯದಲ್ಲಿ ಆಪ್ತತ್ವವನ್ನು ನಿರ್ಣಯಿಸುವುದು ಹೇಗೆ? ಕಳುಹಿಸಿದ ಸೋದರಮಾವನು ಸಜ್ಜನನೆಂಬುದು ನಿಜ. ಆದರೆ ಆ ವಾಕ್ಯವು ಸೋದರಮಾವನದಲ್ಲ.

ಈ ಪರೀಕ್ಷೆಯನ್ನು ಬಿಟ್ಟರೆ ಏನಾಗುವುದೆಂಬುದನ್ನು ನಮ್ಮ ನಾಡು ಕಂಡಿದೆ. ೨೦೧೮ರ ಜುಲೈ ತಿಂಗಳಲ್ಲಿ ಹೈದರಾಬಾದಿನಿಂದ ಬೀದರ ಜಿಲ್ಲೆಗೆ ಬಂದಿದ್ದ ಕೆಲವು ತರುಣರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯು ವಾಟ್ಸ್‌ಆ್ಯಪಿನಲ್ಲಿ ಅವರ ವಾಹನಕ್ಕಿಂತ ಮುಂದಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ನೆರೆದ ಜನರ ಹೊಡೆತಕ್ಕೆ ಒಬ್ಬ ತರುಣನು ಪ್ರಾಣ ಬಿಟ್ಟನು, ಉಳಿದವರು ಗಾಯಗೊಂಡರು. ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಅನೇಕರು ಕಲ್ಲನ್ನು ಮುಟ್ಟಿರಲಿಕ್ಕಿಲ್ಲ. ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಭಾವಿಸಿರಬಹುದು. ಆದರೂ ಆ ಪಾಪದಲ್ಲಿ ತಮಗೆ ಪಾಲಿಲ್ಲವೆಂದು ಅವರು ಹೇಳಲಾರರು. ಅದೇ ತಿಂಗಳಿನಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಾಗಿ ಕಳುಹಿಸದಂತೆ ಮಿತಿಯನ್ನು ಹಾಕುವುದಾಗಿ ಪ್ರಕಟಿಸಿತು. ೨೦೨೦ರ ಏಪ್ರಿಲಿನಲ್ಲಿ, ಹಲವು ಕೈಗಳನ್ನು ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಬಿಗಿಗೊಳಿಸಿತು. ಅಂತಹ ಸಂದೇಶದ ಮೇಲೆ ಎರಡು ಬಾಣಗಳ ಗುರುತಿರುತ್ತದೆ. ಅದನ್ನು ಕಂಡಲ್ಲಿ ಅನುಮಾನಕ್ಕೆ ಎಡೆಯಿದೆಯೆಂದು ತಿಳಿಯತಕ್ಕದ್ದು. ಯಂತ್ರವು ಹಾಕಿದ ಮಿತಿಗಿಂತ ನಾವೇ ಹಾಕಿಕೊಂಡ ನಿಯಮವು ಶ್ರೇಷ್ಠ.

ನಮ್ಮವರಿಗೆ ಹತ್ತಿರವಾದ ಇನ್ನೊಂದು ಉದಾಹರಣೆ ಏಕಾದಶಿಯದು. "ನಾಳೆ ಏಕಾದಶಿ, ಎಲ್ಲರಿಗೂ ತಿಳಿಸಿ" ಎಂಬ ಸಂದೇಶವು ಬರುತ್ತದೆ. ಭಕ್ತಿಯಿಂದಲೇ ಅದನ್ನು ಹತ್ತು ಜನರಿಗೆ ಕಳುಹಿಸುತ್ತೇವೆ. ಆದರೆ ನಮ್ಮ ಸಂಪ್ರದಾಯದಲ್ಲಿ ಅರುಣೋದಯಕಾಲಕ್ಕೆ, ಎಂದರೆ ಸೂರ್ಯೋದಯಕ್ಕೆ ಮುಂಚಿನ ೪ ಘಳಿಗೆಗಳ ಅವಧಿಗೆ, ದಶಮಿಯ ಸಂಪರ್ಕವಿದ್ದರೆ ಆ ಏಕಾದಶಿಯು ವಿದ್ಧವೆನಿಸಿ ಉಪವಾಸವು ಮರುದಿನಕ್ಕೆ ಹೋಗುತ್ತದೆ. ಸ್ಮಾರ್ತರ ಉಪವಾಸದ ದಿನ ಬೇರೆಯಾಗಬಹುದು. ಮಠಗಳ ಪಂಚಾಂಗಗಳಲ್ಲಿಯೇ ಕೆಲವೊಮ್ಮೆ ಭೇದವುಂಟು. ಸೂರ್ಯೋದಯವಂತೂ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಬೇರೆ. ಎಲ್ಲಿಯ ಪಂಚಾಂಗದಿಂದ ಎಲ್ಲಿಯವರು ಬರೆದ ಸಂದೇಶವೆಂದು ತಿಳಿಯದೆ ಕಳುಹಿಸಿದರೆ, ಪುಣ್ಯವೆಂದು ಮಾಡಿದ ಕೆಲಸದಿಂದಲೇ ಇನ್ನೊಬ್ಬರ ವ್ರತಕ್ಕೆ ಲೋಪವಾಗುತ್ತದೆ. ತಮ್ಮ ಮಠದ ಪಂಚಾಂಗವನ್ನು ನೋಡಿ, ಊರನ್ನೂ ಪಂಚಾಂಗದ ಹೆಸರನ್ನೂ ಸೂಚಿಸಿ ಬರೆದರೆ ಅದೇ ಸಂದೇಶವು ಉಪಕಾರವಾಗುತ್ತದೆ.

ಇನ್ನು, ದೇವರ ಚಿತ್ರವನ್ನು ಹನ್ನೊಂದು ಜನರಿಗೆ ಕಳುಹಿಸಿದರೆ ಶುಭ, ಕಳುಹಿಸದಿದ್ದರೆ ಅಶುಭ ಎಂಬ ಸಂದೇಶಗಳಿವೆ. ಹಿಂದೆ ಇದೇ ಮಾತು ಅಂಚೆಯ ಕಾರ್ಡಿನಲ್ಲಿ ಬರುತ್ತಿತ್ತು. ಸ್ವತಂತ್ರನಾದ ಶ್ರೀಹರಿಯ ಅನುಗ್ರಹವು ಭಕ್ತಿಯಿಂದ ಲಭ್ಯವೇ ಹೊರತು ಕಳುಹಿಸಿದ ಸಂಖ್ಯೆಯಿಂದಲ್ಲ. ಅಂತಹ ಸಂದೇಶವನ್ನು ನಿರ್ಭಯವಾಗಿ ಅಲ್ಲಿಯೇ ನಿಲ್ಲಿಸಬಹುದು.

ನಾವು ಬರೆಯುವ ಮಾತು

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸಿನ ಲಕ್ಷಣವು ಹೇಳಲ್ಪಟ್ಟಿದೆ. ಅದರ ತಾತ್ಪರ್ಯವನ್ನು ನಾಲ್ಕು ಪ್ರಶ್ನೆಗಳಾಗಿ ಮಾಡಿಕೊಳ್ಳಬಹುದು. ಈ ಮಾತು ಯಾರನ್ನಾದರೂ ಕೆರಳಿಸುವುದೇ? ಇದು ನಿಜವೇ? ಕೇಳುವವರಿಗೆ ಪ್ರಿಯವೇ? ಹಿತವೇ? ಎದುರಿಗೆ ಕುಳಿತವರೊಡನೆ ಮಾತನಾಡುವಾಗ ಅವರ ಮುಖವೇ ನಮ್ಮನ್ನು ತಡೆಯುತ್ತದೆ. ಮುಖ ಕಾಣದ ಕಡೆ ನಾಲಗೆಗೆ ಲಗಾಮಿಲ್ಲ. ಬಂಧುಗಳ ಗುಂಪಿನಲ್ಲಿ ಆಸ್ತಿಯ ವಿಚಾರವಾಗಿಯೋ ರಾಜಕೀಯದ ವಿಚಾರವಾಗಿಯೋ ರಾತ್ರಿ ಹನ್ನೊಂದು ಗಂಟೆಗೆ ಬರೆದ ಎರಡು ಸಾಲುಗಳಿಂದ, ಅಣ್ಣತಮ್ಮಂದಿರು ತಂದೆಯ ಶ್ರಾದ್ಧದ ದಿನವೂ ಒಟ್ಟಿಗೆ ಸೇರದಂತಾದ ಮನೆಗಳುಂಟು. ಕೋಪ ಬಂದಾಗ ಉತ್ತರವನ್ನು ಬರೆಯದೆ ಮಲಗಿ, ಮರುದಿನ ಸ್ನಾನ ಸಂಧ್ಯೆಗಳಾದ ಮೇಲೆ ಅಗತ್ಯವಿದ್ದರೆ ಕರೆ ಮಾಡಿ ಮಾತನಾಡಬೇಕು. ಹಾಗೆ ಮಾಡಿದರೆ ಅನೇಕ ಉತ್ತರಗಳ ಅಗತ್ಯವೇ ಬೀಳುವುದಿಲ್ಲ. ಮತಭೇದದ ಚರ್ಚೆಯನ್ನೂ ಅಲ್ಲಿ ನಡೆಸಬಾರದು. ನಮ್ಮ ಹಿರಿಯರ ವಾದಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳಿದ ಮೇಲೆಯೇ ಸಿದ್ಧಾಂತವು ಬರುತ್ತದೆ. ಆ ಸಹನೆಗೆ ಎರಡು ಸಾಲಿನ ಪ್ರತ್ಯುತ್ತರದಲ್ಲಿ ಸ್ಥಳವಿಲ್ಲ.

ಸಂಕಲ್ಪವೂ ವ್ರತವೂ

ಪೂಜೆಗೆ ಮೊದಲು ದೇಶವನ್ನೂ ಕಾಲವನ್ನೂ ಪ್ರಯೋಜನವನ್ನೂ ಹೇಳಿ ಸಂಕಲ್ಪ ಮಾಡುತ್ತೇವೆ; ಕೊನೆಯಲ್ಲಿ ಶ್ರೀಕೃಷ್ಣನಿಗೆ ಅರ್ಪಿಸುತ್ತೇವೆ. ಈ ಆದಿ ಅಂತ್ಯಗಳನ್ನು ಮೊಬೈಲಿನ ವಿಷಯದಲ್ಲಿಯೂ ಅನುಸರಿಸಬಹುದು. ತೆರೆಯುವ ಮೊದಲು, ಯಾವುದಕ್ಕಾಗಿ ತೆರೆಯುತ್ತಿದ್ದೇನೆ, ಎಷ್ಟು ಹೊತ್ತು ಎಂದು ಮನಸ್ಸಿನಲ್ಲಿಯೇ ಹೇಳಿಕೊಳ್ಳಬೇಕು. ಮುಚ್ಚುವಾಗ, ಈಗ ಮಾಡಿದ್ದನ್ನು ಕೃಷ್ಣಾರ್ಪಣವೆನ್ನಲು ನಾಚಿಕೆಯಾಗುವುದೇ ಎಂದು ಕೇಳಿಕೊಳ್ಳಬೇಕು. ಕೊನೆಯಿಲ್ಲದ ಪುಟಕ್ಕೆ ಹೀಗೆ ನಾವೇ ಒಂದು ಕೊನೆಯನ್ನು ಇಟ್ಟಂತಾಗುತ್ತದೆ.

ಚಾತುರ್ಮಾಸ್ಯವ್ರತದಲ್ಲಿ ಒಂದೊಂದು ತಿಂಗಳು ಕ್ರಮವಾಗಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಬಿಡುತ್ತೇವೆ. ಎಲ್ಲವನ್ನೂ ಒಮ್ಮೆಲೇ ಬಿಡುವಂತೆ ಹಿರಿಯರು ವಿಧಿಸಲಿಲ್ಲ. ಒಂದೊಂದಾಗಿ ಬಿಟ್ಟಾಗ ಯಾವುದು ನಮ್ಮನ್ನು ಎಷ್ಟು ಹಿಡಿದಿದೆಯೆಂಬುದು ತಿಳಿಯುತ್ತದೆ. ಆ ಕ್ರಮದ ಅನುಕರಣೆಯಾಗಿ, ಶಾಸ್ತ್ರವಿಧಿಯೆಂದಲ್ಲ, ಸ್ವನಿಯಮವೆಂದು ಹೀಗೆ ಮಾಡಬಹುದು:

ಮೊದಲ ತಿಂಗಳು, ಕರೆಗಳನ್ನುಳಿದು ಮೊಬೈಲಿನ ದನಿಗಳೆಲ್ಲವನ್ನೂ ನಿಲ್ಲಿಸುವುದು. ಗುಂಪುಗಳನ್ನು ಶಾಶ್ವತವಾಗಿ ಮೌನಗೊಳಿಸುವ ಅವಕಾಶ ವಾಟ್ಸ್‌ಆ್ಯಪಿನಲ್ಲಿದೆ. ಅದು ಕರೆದಾಗ ನಾವು ಹೋಗುವುದಲ್ಲ. ನಮಗೆ ಬೇಕಾದಾಗ ನಾವು ನೋಡುವುದು.

ಎರಡನೆಯ ತಿಂಗಳು, ರೀಲ್ಸ್, ಶಾರ್ಟ್ಸ್ ಮುಂತಾದ ತುಣುಕು ದೃಶ್ಯಗಳನ್ನು ಬಿಡುವುದು. ಯೂಟ್ಯೂಬಿನಲ್ಲಿ ವೀಕ್ಷಣೆಯ ಇತಿಹಾಸವನ್ನು ಅಳಿಸಿ ನಿಲ್ಲಿಸಿದರೆ ಮುಖಪುಟದಲ್ಲಿ ಶಿಫಾರಸುಗಳು ಬರುವುದು ನಿಲ್ಲುತ್ತದೆ. ಬೇಕಾದ ಪ್ರವಚನವನ್ನು ಹೆಸರು ಬರೆದು ಹುಡುಕಿ ಕೇಳಬಹುದು.

ಮೂರನೆಯ ತಿಂಗಳು, ಗುಂಪುಗಳ ಪರಿಶೀಲನೆ. ಮೂರು ತಿಂಗಳಲ್ಲಿ ಒಂದು ಉಪಯುಕ್ತ ವಿಷಯವೂ ಬಾರದ ಗುಂಪಿನಿಂದ ವಿನಯದಿಂದ ಹೊರಬರುವುದು. ತಮ್ಮನ್ನು ಕೇಳದೆ ಯಾರೂ ಗುಂಪಿಗೆ ಸೇರಿಸದಂತೆ ನಿಯಮಿಸುವ ಅವಕಾಶವೂ ಇದೆ.

ನಾಲ್ಕನೆಯ ತಿಂಗಳು, ಪರೀಕ್ಷಿಸದೆ ಏನನ್ನೂ ಮುಂದಕ್ಕೆ ಕಳುಹಿಸದಿರುವುದು, ವಾದಕ್ಕೆ ಉತ್ತರ ಕೊಡದಿರುವುದು.

ಇದರ ಜೊತೆಗೆ ಏಕಾದಶಿಯಂದು ಸಂಪೂರ್ಣ ನಿವೃತ್ತಿ. ಹೊಟ್ಟೆಗೆ ಉಪವಾಸವಿದ್ದು ಕಣ್ಣು ಕಿವಿಗಳಿಗೆ ದಿನವಿಡೀ ಔತಣ ಮಾಡಿಸಿದರೆ ಅದನ್ನು ಉಪವಾಸವೆಂದು ಹೇಗೆ ಕರೆಯೋಣ? ಭಗವಂತನ ಸಮೀಪದಲ್ಲಿ ವಾಸಿಸುವುದೇ ಉಪವಾಸವಷ್ಟೆ.

ಮನೆಯಲ್ಲಿಯೂ ದೇವಾಲಯದಲ್ಲಿಯೂ

ಒಬ್ಬನೇ ಹಿಡಿಯುವ ನಿಯಮಕ್ಕಿಂತ ಹಲವರು ಸೇರಿ ಹಿಡಿಯುವ ನಿಯಮವು ಸುಲಭ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯ ಜನರು ೨೦೨೨ರ ಆಗಸ್ಟಿನಲ್ಲಿ ಸಭೆ ಸೇರಿ, ಸಂಜೆ ೭ ಗಂಟೆಗೆ ಸೈರನ್ ಕೂಗಿದೊಡನೆ ೮-೩೦ರವರೆಗೆ ದೂರದರ್ಶನವನ್ನೂ ಮೊಬೈಲನ್ನೂ ಮುಚ್ಚಿಡಬೇಕೆಂದು ನಿರ್ಧರಿಸಿ ಆಚರಣೆಗೆ ತಂದರು. ಮಕ್ಕಳು ಓದಲಿ, ಹಿರಿಯರು ಪರಸ್ಪರ ಮಾತನಾಡಲಿ ಎಂಬುದೇ ಅದರ ಉದ್ದೇಶ. ಹಳ್ಳಿಯೊಂದಕ್ಕೆ ಶಕ್ಯವಾದದ್ದು ಒಂದು ಮನೆಗೆ ಏಕೆ ಅಶಕ್ಯ? ನಮ್ಮಲ್ಲಿ ಸೈರನ್ ಬೇಕಿಲ್ಲ. ದೇವರ ಮುಂದೆ ದೀಪ ಹಚ್ಚಿದ ಹೊತ್ತಿನಿಂದ ಊಟ ಮುಗಿಯುವವರೆಗೆ ಎಲ್ಲರ ಮೊಬೈಲುಗಳೂ ಒಂದು ಬುಟ್ಟಿಯಲ್ಲಿರಲಿ. ತಂದೆಯು ತನ್ನದನ್ನು ಮೊದಲು ಹಾಕಲಿ. ಮಕ್ಕಳ ವಿಷಯದಲ್ಲಿ ಸರಕಾರಗಳೂ ಎಚ್ಚೆತ್ತಿವೆ. ಆಸ್ಟ್ರೇಲಿಯಾದಲ್ಲಿ ೧೬ ವರ್ಷದೊಳಗಿನವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆಯನ್ನು ನಿಷೇಧಿಸುವ ಕಾನೂನು ೨೦೨೫ರ ಡಿಸೆಂಬರ್ ೧೦ರಿಂದ ಜಾರಿಗೆ ಬಂದಿದೆ. ಆದರೆ ಕಾನೂನಿಗಿಂತ ಮೊದಲಿನ ಪಾಠಶಾಲೆ ಮನೆಯೇ.

ದೇವಾಲಯದ ವಿಷಯದಲ್ಲಿ ಒಂದು ಮಾತು. ಮಂಗಳಾರತಿಯ ವೇಳೆಯಲ್ಲಿ ಗರ್ಭಗುಡಿಯ ಒಳಗಿನಿಂದ ಹೊರಗೆ ನೋಡಿದವರಿಗೆ, ಮೊದಲು ಮುಗಿದ ಕೈಗಳು ಕಾಣುತ್ತಿದ್ದ ಕಡೆಯಲ್ಲಿ ಇಂದು ಎತ್ತಿಹಿಡಿದ ಮೊಬೈಲುಗಳು ಕಾಣುತ್ತವೆ. ಬರಲಾಗದವರಿಗೆ ತೋರಿಸಬೇಕೆಂಬ ಸದಾಶಯ ಕೆಲವರಲ್ಲಿರಬಹುದು. ಆದರೆ ಬಂದವನೇ ನೋಡದೆ ಹೋದರೆ ಹೇಗೆ? ಆರತಿಯು ಬೆಳಗುವ ಕೆಲವೇ ಕ್ಷಣಗಳಲ್ಲಿ ಸ್ವಾಮಿಯ ಮುಖವನ್ನು ಕಣ್ತುಂಬ ನೋಡಿ ಹೃದಯದಲ್ಲಿ ನಿಲ್ಲಿಸಿಕೊಳ್ಳುವುದೇ ದರ್ಶನ. ಅದಕ್ಕೆ ಬೇರೊಂದು ಯಂತ್ರ ಬೇಕಿಲ್ಲ. ದೇವಾಲಯಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಿರ್ವಾಹಕರು ಮಾತ್ರ ಬರೆಯುವಂತೆ ವ್ಯವಸ್ಥೆ ಮಾಡಿ, ತಿಥಿ, ಉತ್ಸವ, ಪ್ರವಚನ, ಸೇವಾವಿವರಗಳಿಗೆ ಅದನ್ನು ಸೀಮಿತಗೊಳಿಸಿದರೆ, ಆ ಗುಂಪು ಒಂದು ಸಣ್ಣ ಪತ್ರಿಕೆಯಂತೆ ಉಪಕಾರಿಯಾಗುತ್ತದೆ.

ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿದೆ. ಕುದುರೆಗಳನ್ನು ಕೊಲ್ಲಬೇಕೆಂದು ಅಲ್ಲಿ ಹೇಳಿಲ್ಲ. ಕುದುರೆಗಳಿಲ್ಲದೆ ರಥವು ವಿಷ್ಣುವಿನ ಪರಮಪದದ ಕಡೆಗೆ ಸಾಗಲಾರದು. ಲಗಾಮು ಸಾರಥಿಯ ಕೈಯಲ್ಲಿರಬೇಕು, ಅಷ್ಟೇ. ಜಾಲತಾಣಗಳೂ ಇಂದು ಆ ಕುದುರೆಗಳ ಮುಂದೆ ಹರಡಿದ ಒಂದು ದೊಡ್ಡ ಹುಲ್ಲುಗಾವಲು. ಸಜ್ಜನರು ಮುಂದಿನ ಏಕಾದಶಿಯಿಂದಲೇ ಒಂದು ನಿಯಮವನ್ನು, ಚಿಕ್ಕದಾದರೂ ದೃಢವಾಗಿ ಹಿಡಿಯಲಿ. ಉಳಿದ ಘಳಿಗೆಗಳಲ್ಲಿ ಒಂದನ್ನಾದರೂ ಹರಿಸ್ಮರಣೆಗೂ, ಒಂದನ್ನು ಮನೆಯ ಹಿರಿಯರಿಗೂ ಕೊಡಲಿ. ಹರಿವಾಯುಗುರುಗಳು ಎಲ್ಲರಿಗೂ ಆ ಬುದ್ಧಿಬಲವನ್ನು ಅನುಗ್ರಹಿಸಲೆಂದು ಪ್ರಾರ್ಥನೆ.

|| ಶ್ರೀಕೃಷ್ಣಾರ್ಪಣಮಸ್ತು ||